ಮೊಬೈಲ್ ಪರದೆಗೆ ಶತ್ರು ಚಳಿಯಲ್ಲ, ಥಂಡಿ

ಕೊನೆಕೊಯ್ಲು ಶುರುವಾಗಿ ಚಳಿ ಬಿದ್ದ ಕೂಡಲೇ ನಮ್ಮ ಕಡೆ ಒಂದು ಮಾತು ಕೇಳೋಕೆ ಸಿಗುತ್ತೆ. "ಬೆಳಿಗ್ಗೆ ಹೊತ್ತು ಮೊಬೈಲ್ ಟಚ್ಚೇ ಆಗಲ್ಲ ಮಾರಾಯ್ರೆ, ಚಳಿಗೆ ಸ್ಕ್ರೀನ್ ಹಿಡ್ಕೊಂಡಿದೆ." ಹಿರೇಕೊಡಿಗೆ ಕಡೆ ಇರಲಿ, ಕೊಪ್ಪ ಪೇಟೆ ಇರಲಿ, ಶೃಂಗೇರಿ, ಎನ್.ಆರ್.ಪುರ ಇರಲಿ, ಅಡಿಕೆ ಸುಲಿಯೋ ಜಾಗದಲ್ಲಿ, ಹಾಲಿನ ಡೇರಿ ಹತ್ರ, ಸೊಸೈಟಿ ಜಗಲಿ ಮೇಲೆ ಇದೇ ಮಾತು. ಕೆಲವರು ಇನ್ನೂ ಮುಂದೆ ಹೋಗಿ "ಚಳಿಗೆ ಡಿಸ್‌ಪ್ಲೇ ಸತ್ತೇ ಹೋಯ್ತು" ಅಂತಾರೆ.

ಈ ಮಾತಿಗೆ ನನ್ನ ತಕರಾರಿದೆ. ಕಾರಣ ತಪ್ಪು ಹಿಡಿದ್ರೆ ಔಷಧಿನೂ ತಪ್ಪೇ ಆಗುತ್ತೆ. ಕೊಳೆರೋಗಕ್ಕೆ ಹೊಡೆಯೋ ಬೋರ್ಡೋವನ್ನ ಹಿಡಿಮುಂಡಿಗೆ ಬಂದ ಮರಕ್ಕೆ ಹೊಡೆದ ಹಾಗೆ. ಖರ್ಚು ಆಗುತ್ತೆ, ಮರ ಸುಧಾರಿಸಲ್ಲ.

ನಮ್ಮ ಮಾತಲ್ಲಿ 'ಥಂಡಿ' ಅನ್ನೋ ಒಂದೇ ಪದಕ್ಕೆ ಎರಡು ಅರ್ಥ ಇದೆ. ಡಿಸೆಂಬರ್ ಬೆಳಗಿನ ಚಳಿಯೂ ಥಂಡಿ, ಆಷಾಢದಲ್ಲಿ ಗೋಡೆ, ಹಾಸಿಗೆ, ಬೆಂಕಿಪೆಟ್ಟಿಗೆ ಎಲ್ಲದಕ್ಕೂ ಹಿಡಿಯೋ ತೇವವೂ ಥಂಡಿ. ಮೊಬೈಲ್ ವಿಷಯದಲ್ಲಿ ಈ ಎರಡನ್ನ ಬೇರೆ ಮಾಡಿ ನೋಡ್ಲೇಬೇಕು. ಚಳಿಗೆ ನಮ್ಮೂರಲ್ಲಿ ಪರದೆ ಹಾಳಾಗಲ್ಲ. ತೇವಕ್ಕೆ ಹಾಳಾಗುತ್ತೆ. ಈಗ ಪಹಣಿ, ವಿಮೆ, ಪರಿಹಾರ ಎಲ್ಲಾ ಅದೇ ಪರದೆ ಮೇಲೆ ಬೆರಳು ಒತ್ತೋದಕ್ಕೆ ಬಂದು ನಿಂತಿರೋದ್ರಿಂದ ಇದು ಬರೀ ರಿಪೇರಿ ಅಂಗಡಿಯ ವಿಷಯ ಅಲ್ಲ, ನಮ್ಮ ಜಮೀನಿನ ವಿಷಯ.

ಮೊದಲು ಚಳಿ ನಿಜವಾಗಿ ಎಂತ ಮಾಡುತ್ತೆ ಅಂತ ನೋಡೋಣ.

ನಮ್ಮಲ್ಲಿ ಹೆಚ್ಚಿನವರ ಕೈಲಿರೋ ಕಡಿಮೆ ಬೆಲೆಯ ಫೋನುಗಳಲ್ಲಿ ಇರೋದು ಎಲ್‌ಸಿಡಿ ಪರದೆ. ಅಂದ್ರೆ ದ್ರವ ಸ್ಫಟಿಕದ ಪರದೆ. ಎರಡು ತೆಳು ಗಾಜಿನ ನಡುವೆ ಒಂದು ವಿಚಿತ್ರ ಪದಾರ್ಥ ಇರುತ್ತೆ. ಅದು ನೀರಿನ ಹಾಗೆ ಹರಿಯುತ್ತೆ, ಆದ್ರೆ ಅದರೊಳಗಿನ ಕಣಗಳು ಸ್ಫಟಿಕದ ಹಾಗೆ ಸಾಲಾಗಿ ನಿಂತಿರ್ತವೆ. ಕರೆಂಟ್ ಕೊಟ್ಟಾಗ ಸಾಲು ತಿರುಗುತ್ತೆ, ಹಿಂದಿನ ಬೆಳಕನ್ನ ಬಿಡುತ್ತೆ ಇಲ್ಲಾ ತಡೆಯುತ್ತೆ. ಅದರಿಂದ್ಲೇ ಚಿತ್ರ ಮೂಡೋದು.

ಇದನ್ನ ಮೊದಲು ಗಮನಿಸಿದವನು ಯಾವುದೋ ಟಿ.ವಿ. ಕಂಪನಿಯವನಲ್ಲ, ಒಬ್ಬ ಸಸ್ಯಶಾಸ್ತ್ರಜ್ಞ. ಆಸ್ಟ್ರಿಯಾದ ಫ್ರೆಡ್ರಿಕ್ ರೈನಿಟ್ಜರ್ ಅನ್ನೋನು 1888ರಲ್ಲಿ ಕ್ಯಾರೆಟ್‌ನಿಂದ ತೆಗೆದ ಕೊಲೆಸ್ಟರಾಲ್ ಮೇಲೆ ಕೆಲಸ ಮಾಡ್ತಿದ್ದಾಗ, ಒಂದು ಪದಾರ್ಥ ಎರಡು ಸಲ ಕರಗೋದನ್ನ ನೋಡಿದ. 145 ಡಿಗ್ರಿ ಹತ್ರ ಕರಗಿ ಮಬ್ಬು ದ್ರವ ಆಯ್ತು, 178ರ ಹತ್ರ ಮತ್ತೆ ತಿಳಿಯಾಯ್ತು. ಆ ಮಬ್ಬು ಹಂತವೇ ದ್ರವ ಸ್ಫಟಿಕ. ನಮ್ಮ ರಾಜ್ಯಕ್ಕೂ ಇದಕ್ಕೂ ನಂಟಿದೆ. ಸಿ.ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ ಅವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ಪ್ರಾಧ್ಯಾಪಕರಾಗಿದ್ದವರು. ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದ್ರು. 1977ರಲ್ಲಿ ಅವರೂ ಅವರ ಸಹೋದ್ಯೋಗಿಗಳೂ ಸೇರಿ ಬಿಲ್ಲೆ ಆಕಾರದ ಕಣಗಳಿಂದಲೂ ದ್ರವ ಸ್ಫಟಿಕ ಆಗುತ್ತೆ ಅಂತ ಕಂಡುಹಿಡಿದ್ರು. ಎಲ್‌ಸಿಡಿ ಪರದೆಯನ್ನ ಬದಿಯಿಂದ ನೋಡಿದ್ರೂ ಚಿತ್ರ ಸರಿಯಾಗಿ ಕಾಣೋ ಹಾಗೆ ಮಾಡೋ ಒಂದು ಬಗೆಯ ಹಾಳೆಗೆ ಮುಂದೆ ಅಂಥ ಪದಾರ್ಥವೇ ಬಳಕೆಗೆ ಬಂತು.

ಈಗ ಚಳಿಗೆ ಬರೋಣ. ದ್ರವ ಅಂದ ಮೇಲೆ ಚಳಿಗೆ ದಪ್ಪ ಆಗ್ಲೇಬೇಕು. ಜೇನುತುಪ್ಪ ಚಳಿಗಾಲದಲ್ಲಿ ಬಾಟಲಿಯಿಂದ ಬೇಗ ಇಳಿಯಲ್ಲ ಅಲ್ವಾ, ಹಾಗೆ. ಪರದೆಯೊಳಗಿನ ದ್ರವವೂ ತುಂಬಾ ಚಳಿಗೆ ನಿಧಾನ ಆಗುತ್ತೆ, ಕಣಗಳು ತಿರುಗೋಕೆ ಹೊತ್ತು ತಗೊಳ್ತವೆ. ಚಿತ್ರ ಎಳೆದ ಹಾಗೆ, ನೆರಳು ಬಿಟ್ಟ ಹಾಗೆ ಕಾಣುತ್ತೆ. ಆದ್ರೆ ಇದು ಕಣ್ಣಿಗೆ ಕಾಣೋ ಮಟ್ಟಕ್ಕೆ ಬರೋದು ಸೊನ್ನೆ ಡಿಗ್ರಿಯ ಕೆಳಗೆ. ಲಡಾಖ್‌ನ ದ್ರಾಸ್‌ನಲ್ಲಿ ಚಳಿಗಾಲಕ್ಕೆ ಮೈನಸ್ 20ರ ಕೆಳಗೂ ಇಳಿಯುತ್ತೆ. ಅಲ್ಲಿ ಕೆಲಸ ಮಾಡೋ ಸೈನಿಕರಿಗೆ ಈ ತೊಂದರೆ ನಿಜ. ಅಷ್ಟಾದ್ರೂ ಬೆಚ್ಚಗಾದ ಮೇಲೆ ಪರದೆ ಸಾಮಾನ್ಯವಾಗಿ ಮೊದಲಿನ ಹಾಗೇ ಆಗುತ್ತೆ.

ನಮ್ಮಲ್ಲಿ? ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾದ್ರೆ ಸಾಕು, ಭಾರೀ ಚಳಿ ಅಂತೀವಿ. ಕೊಬ್ಬರಿ ಎಣ್ಣೆ ಗಟ್ಟಿಯಾಗೋದು 24 ಡಿಗ್ರಿ ಆಸುಪಾಸಿಗೆ. ಮಾಗಿಯ ಬೆಳಿಗ್ಗೆ ನಮ್ಮ ತೋಟದಲ್ಲಿ 12, 14, 15 ಇರುತ್ತೆ. ಹತ್ತರ ಕೆಳಗೆ ಹೋಗೋದು ಅಪರೂಪ, ಸೊನ್ನೆಗೆ ಇಳಿಯೋ ಮಾತೇ ಇಲ್ಲ. ಆಪಲ್‌ನವರು ತಮ್ಮ ಫೋನಿಗೆ ಹೇಳೋ ಬಳಕೆಯ ಮಿತಿ 0ಯಿಂದ 35 ಡಿಗ್ರಿ. ಬ್ಯಾಟರಿಗೆ ತುಂಬಾ ಹಿತವಾದ್ದು 16ರಿಂದ 22 ಅಂತ ಹೇಳ್ತಾರೆ. ಅಂದ್ರೆ ಲೆಕ್ಕ ಹಾಕಿದ್ರೆ ನಮ್ಮ ಚಳಿಗಾಲ ಫೋನಿಗೆ ಹೆಚ್ಚುಕಮ್ಮಿ ಹೇಳಿ ಮಾಡಿಸಿದ ಹವೆ. ಏಪ್ರಿಲ್‌ನಲ್ಲಿ ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಟ್ಟು ಹೋಗ್ತೀವಲ್ಲ, ಅದು ಫೋನಿಗೆ ಚಳಿಗಿಂತ ಎಷ್ಟೋ ಪಾಲು ಕೆಟ್ಟದ್ದು. ಸ್ವಲ್ಪ ದುಬಾರಿ ಫೋನುಗಳಲ್ಲಿ ಬರೋ ಓಎಲ್‌ಇಡಿ ಪರದೆಯಲ್ಲಂತೂ ಈ ದ್ರವವೇ ಇಲ್ಲ, ಅಲ್ಲಿ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತೆ.

ಹಾಗಾದ್ರೆ ಡಿಸೆಂಬರ್ ಬೆಳಿಗ್ಗೆ ಟಚ್ ಆಗದೇ ಇರೋದು ಸುಳ್ಳಾ? ಸುಳ್ಳಲ್ಲ. ಆಗಲ್ಲ ಅನ್ನೋದು ನಿಜ, ಕಾರಣ ಮಾತ್ರ ಬೇರೆ.

ಟಚ್ ಪರದೆ ನಾವು ಒತ್ತೋ ಭಾರಕ್ಕೆ ಕೆಲಸ ಮಾಡಲ್ಲ. ಗಾಜಿನ ಕೆಳಗೆ ಕಣ್ಣಿಗೆ ಕಾಣದ ಇಂಡಿಯಂ ಟಿನ್ ಆಕ್ಸೈಡ್‌ನ ಗೆರೆಗಳು ಬಲೆ ಹಾಗೆ ಹರಡಿರ್ತವೆ. ಅದರಲ್ಲಿ ಒಂಚೂರು ವಿದ್ಯುತ್ತು ಓಡ್ತಾ ಇರುತ್ತೆ. ನಮ್ಮ ಮೈ ವಿದ್ಯುತ್ತು ಹರಿಯೋ ವಸ್ತು. ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ತಿನಲ್ಲಿ ಸಣ್ಣ ಏರುಪೇರು ಆಗುತ್ತೆ, ಅದನ್ನ ಅಳೆದು ಫೋನು "ಇಲ್ಲಿ ಬೆರಳು ಬಂತು" ಅಂತ ತಿಳ್ಕೊಳ್ಳುತ್ತೆ. ಇದಕ್ಕೆ ಬೆರಳಿನ ಹಸಿ ಮಾಂಸ ಗಾಜಿಗೆ ಹತ್ತಿರ ಬರಬೇಕು. ನಮ್ಮ ಬೆರಳು ನೋಡಿ. ಕತ್ತಿ, ಹಾರೆ ಹಿಡಿದು ಜಡ್ಡುಗಟ್ಟಿದ ಚರ್ಮ. ಚಳಿಗಾಲದ ಒಣ ಗಾಳಿಗೆ ಅದು ಇನ್ನೂ ಒಣಗಿ ಒಡೆಯುತ್ತೆ. ಮೇಲೆ ಅಡಿಕೆ ಚೊಗರಿನ ಕಪ್ಪು ಪದರ ಬೇರೆ. ಆಫೀಸಲ್ಲಿ ಕೂತವರ ಮೆತ್ತನೆ ಬೆರಳನ್ನ ಕೂಡಲೇ ಗುರುತಿಸೋ ಫೋನು, ಮೆಟ್ಟುಗತ್ತಿ ಮುಂದೆ ಕೂತವರ ಬೆರಳನ್ನ ಗುರುತಿಸೋಕೆ ತಡಕಾಡುತ್ತೆ. ಪರದೆ ಸರಿಯಾಗೇ ಇದೆ, ಬೆರಳಿನ ಸುದ್ದಿ ಅದಕ್ಕೆ ಮುಟ್ಟಿಲ್ಲ, ಅಷ್ಟೇ. ದಪ್ಪ ಸ್ಕ್ರೀನ್ ಗಾರ್ಡ್ ಅಂಟಿಸಿದ್ರೆ ಇನ್ನೂ ಕಷ್ಟ.

ಎರಡನೇ ಕಾರಣ ಇಬ್ಬನಿ. ರಾತ್ರಿ ಇಡೀ ಜೀಪಿನಲ್ಲೋ ಜಗಲಿ ಕಿಟಕಿಯಲ್ಲೋ ಬಿದ್ದಿದ್ದ ಫೋನು ತಣ್ಣಗಾಗಿರುತ್ತೆ. ಬೆಳಿಗ್ಗೆ ಅದನ್ನ ತಂದು ಬಚ್ಚಲು ಒಲೆ ಹತ್ರ, ಅಡಿಗೆಮನೆ ಹಬೆಯಲ್ಲಿ ಹಿಡ್ಕೊಂಡ್ರೆ ಗಾಜಿನ ಮೇಲೆ ಕನ್ನಡಕ ಮಬ್ಬಾದ ಹಾಗೆ ತೆಳು ನೀರು ಕೂರುತ್ತೆ. ತಣ್ಣನೆ ವಸ್ತು ಬೆಚ್ಚಗಿನ ತೇವದ ಗಾಳಿಗೆ ಬಂದಾಗ ಆಗೋದೇ ಇದು. ಹೊರಗೆ ಕೂತ ನೀರು ಒರೆಸಿದ್ರೆ ಹೋಗುತ್ತೆ. ಒಳಗಿನ ಗಾಳಿಯಲ್ಲೇ ತೇವ ಇದ್ದು ಒಳಗಡೆ ಕೂತ ನೀರಿದೆಯಲ್ಲ, ಕ್ಯಾಮೆರಾ ಗಾಜಿನ ಹಿಂದೆ ಮಂಜು ಕಾಣುತ್ತಲ್ಲ, ಅದು ಅಪಾಯ.

ಮೂರನೇದು ಬ್ಯಾಟರಿ. ಚಳಿಗೆ ಬ್ಯಾಟರಿಯೊಳಗಿನ ರಾಸಾಯನಿಕ ಕೆಲಸ ನಿಧಾನ ಆಗುತ್ತೆ. ಹೊಸ ಬ್ಯಾಟರಿಗೆ 12 ಡಿಗ್ರಿ ಏನೂ ಅಲ್ಲ. ನಾಲ್ಕೈದು ವರ್ಷದ ಹಳೇ ಬ್ಯಾಟರಿ ಮಾತ್ರ 15 ಪರ್ಸೆಂಟ್ ತೋರಿಸ್ತಾ ಇದ್ದದ್ದು ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗಿಬಿಡಬಹುದು. ಪರದೆ ಕಪ್ಪಾದ್ದನ್ನ ನೋಡಿ "ಡಿಸ್‌ಪ್ಲೇ ಹೋಯ್ತು" ಅಂತ ಹೇಳೋದು, ಅಂಗಡಿಗೆ ಹೋಗಿ ಸಾವಿರಾರು ರೂಪಾಯಿ ಕೊಟ್ಟು ಡಿಸ್‌ಪ್ಲೇ ಹಾಕಿಸೋದು. ಜೇಬಲ್ಲಿ ಸ್ವಲ್ಪ ಹೊತ್ತು ಬೆಚ್ಚಗಿಟ್ಟು ಚಾರ್ಜಿಗೆ ಹಾಕಿ ನೋಡಿದ್ರೆ ಎಷ್ಟೋ ಸಲ ದುಡ್ಡು ಉಳಿಯುತ್ತೆ.

ಇಷ್ಟು ಚಳಿಯ ಕತೆ. ಈಗ ಇನ್ನೊಂದು ಥಂಡಿಗೆ ಬರೋಣ, ಮಳೆಗಾಲದ್ದು. ನಿಜವಾದ ಕಳ್ಳ ಇವನೇ.

ನಮ್ಮ ಪಕ್ಕದ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತೆ. ನಮ್ಮಲ್ಲಿ ಅಷ್ಟಿಲ್ಲದಿದ್ರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು ತುಂಬಿರುತ್ತೆ. ಉಪ್ಪು ನೀರಾಗುತ್ತೆ, ಹಪ್ಪಳ ಮೆತ್ತಗಾಗುತ್ತೆ, ಚಪ್ಪಲಿಗೆ, ಬೆಲ್ಟಿಗೆ, ಮದುವೆ ಆಲ್ಬಮ್ಮಿಗೆ ಬೂಷ್ಟು ಹಿಡಿಯುತ್ತೆ. ಮನೆಯೊಳಗಿರೋ ಇಷ್ಟೆಲ್ಲಾ ಸಾಮಾನಿಗೆ ಹೀಗೆ ಆದ್ರೆ, ದಿನಾ ತೋಟಕ್ಕೆ ಹೋಗಿಬರೋ ಫೋನಿಗೆ ಆಗದೇ ಇರುತ್ತಾ?

ಮಳೆಯಲ್ಲಿ ಟಚ್ ಯಾಕೆ ಹುಚ್ಚು ಹಿಡಿದ ಹಾಗೆ ಆಡುತ್ತೆ ಅನ್ನೋದಕ್ಕೆ ನಮ್ಮ ಸೋಲಾರ್ ಬೇಲಿಯೇ ಉದಾಹರಣೆ. ಬೇಲಿ ತಂತಿಗೆ ಹಸಿ ಬಳ್ಳಿ, ಕಳೆ ಗಿಡ ತಾಗಿದ್ರೆ ಕರೆಂಟ್ ಅಲ್ಲಿಂದ್ಲೇ ನೆಲಕ್ಕೆ ಸೋರುತ್ತೆ. ಮಷೀನಿಗೆ ಆನೆ ತಾಗಿದ್ದೋ ಬಳ್ಳಿ ತಾಗಿದ್ದೋ ಗೊತ್ತಾಗಲ್ಲ. ಪರದೆಯೂ ಹಾಗೇ. ನೀರಿನ ಹನಿಯಲ್ಲೂ ವಿದ್ಯುತ್ತು ಹರಿಯುತ್ತೆ. ಹನಿ ಬಿದ್ದಲ್ಲೆಲ್ಲಾ ಬೆರಳು ಬಂತು ಅಂತ ಫೋನು ತಿಳ್ಕೊಳ್ಳುತ್ತೆ. ಒಂದು ಕಡೆ ಒತ್ತಿದ್ರೆ ಇನ್ನೊಂದು ತೆರೆಯುತ್ತೆ, ತಾನೇ ಯಾರಿಗೋ ಫೋನ್ ಹೋಗುತ್ತೆ, ಪಿನ್ ತಪ್ಪು ಬಿದ್ದು ಲಾಕ್ ಆಗುತ್ತೆ.

ಅದಾದ್ರೂ ಒರೆಸಿದ್ರೆ ಸರಿಹೋಗೋ ತೊಂದರೆ. ಒಳಗೆ ಹೋದ ತೇವ ಹಾಗಲ್ಲ. ಚಾರ್ಜಿಂಗ್ ತೂತಿನಿಂದ, ಸ್ಪೀಕರ್ ಸಂದಿನಿಂದ, ಹಿಂದೆ ಒಂದು ಸಲ ಬಿಚ್ಚಿ ರಿಪೇರಿ ಮಾಡಿದ್ರೆ ಅಂಟು ಸಡಿಲ ಆದ ಅಂಚಿನಿಂದ ತೇವ ಒಳಗೆ ಹೋಗುತ್ತೆ. ಅಲ್ಲಿ ತಾಮ್ರದ ಗೆರೆಗಳಿವೆ. ತಾಮ್ರದ ಹಂಡೆಗೆ ಹಿಡಿಯೋ ಹಸಿರು ಕಿಲುಬು ಗೊತ್ತಲ್ಲ, ಅಂಥದ್ದೇ ಅಲ್ಲೂ ಹಿಡಿಯುತ್ತೆ. ಕರೆಂಟ್ ಹರೀತಾ ಇದ್ರೆ ಇನ್ನೂ ಬೇಗ. ಆಗಸ್ಟ್‌ನಲ್ಲಿ ಒಳಗೆ ಹೋದ ತೇವದ ಕೆಲಸ ನವೆಂಬರ್ ಡಿಸೆಂಬರ್ ಹೊತ್ತಿಗೆ ಕಾಣಬಹುದು. ಪರದೆ ಮೇಲೆ ಗೆರೆ ಬರುತ್ತೆ, ಅಂಚಿನಲ್ಲಿ ಕಪ್ಪು ಕಲೆ ಹಬ್ಬುತ್ತೆ, ಅರ್ಧ ಭಾಗ ಟಚ್ ಆಗಲ್ಲ. ಆಗ ಹೊರಗೆ ಚಳಿ ಇರುತ್ತೆ. ನಾವು ಎದುರಿಗೆ ಕಂಡ ಚಳಿ ಮೇಲೆ ತಪ್ಪು ಹೊರಿಸ್ತೀವಿ. ಮಳೆಗಾಲದಲ್ಲಿ ಬೇರು ಕೊಳೆತ ಕಾಳುಮೆಣಸಿನ ಬಳ್ಳಿ ಬಿಸಿಲು ಬಂದ ಮೇಲೆ ಒಣಗಿದ್ರೆ "ಬಿಸಿಲಿಗೆ ಒಣಗ್ತು" ಅನ್ನೋ ಹಾಗೆ.

ಬೋರ್ಡೋ ಹೊಡೆಯೋ ದಿನದ್ದು ಇನ್ನೊಂದು ಬಗೆ. ಮೈಲುತುತ್ತಿನ ನೀರು ಬರೀ ಮಳೆ ನೀರಲ್ಲ, ಲೋಹವನ್ನ ತಿನ್ನೋ ನೀರು. ಫೋನಿನ ಡಬ್ಬಿ ಮೇಲೆ ನೀರು ತಡೆಯುತ್ತೆ ಅಂತ ಐಪಿ 68 ಬರೆದಿದ್ರೂ ಅದನ್ನ ನಂಬಿ ಕೆಡಬೇಡಿ. ಆ ಪರೀಕ್ಷೆ ಮಾಡೋದು ಹೊಸ ಫೋನನ್ನ ಶುದ್ಧ ನೀರಲ್ಲಿ ಇಟ್ಟು. ಮೈಲುತುತ್ತು, ಬೆವರು, ಸೋಪಿನ ನೀರು ಅದರ ಲೆಕ್ಕಕ್ಕೆ ಬರಲ್ಲ. ವರ್ಷ ಕಳೆದಂತೆ ಅಂಟು ಸಡಿಲ ಆಗೋದೂ ಇದೆ. ನೀರು ಹೋಗಿ ಹಾಳಾದ್ರೆ ಸಾಮಾನ್ಯವಾಗಿ ವಾರಂಟಿಯೂ ಇಲ್ಲ. ಎಷ್ಟೋ ಫೋನುಗಳ ಒಳಗೆ ನೀರು ತಾಗಿದ್ರೆ ಕೆಂಪಾಗೋ ಸಣ್ಣ ಚೀಟಿ ಅಂಟಿಸಿರ್ತಾರೆ. ಅದನ್ನ ನೋಡಿದ್ರೆ ಸಾಕು, ವಾದ ಮುಗೀತು.

ಈಗ ನನ್ನ ಮುಖ್ಯ ವಿಷಯ. ಫೋನು ಹಾಳಾದ್ರೆ ವಾಟ್ಸಾಪ್ ನೋಡೋಕೆ ಆಗಲ್ಲ ಅಷ್ಟೇ ತಾನೇ ಅನ್ನೋ ಕಾಲ ಹೋಯ್ತು.

2020ರ ಮುಂಗಾರಿನಿಂದ ರಾಜ್ಯದಲ್ಲಿ ರೈತರೇ ತಮ್ಮ ಬೆಳೆಯನ್ನ ಆ್ಯಪ್‌ನಲ್ಲಿ ದಾಖಲಿಸೋ ವ್ಯವಸ್ಥೆ ಬಂತು. 'ನನ್ನ ಬೆಳೆ ನನ್ನ ಹಕ್ಕು' ಅನ್ನೋ ಘೋಷಣೆ ನೆನಪಿರಬಹುದು. ನಮ್ಮ ಸರ್ವೆ ನಂಬರಿನೊಳಗೇ ನಿಂತು, ಬೆಳೆ ಆಯ್ಕೆ ಮಾಡಿ, ವಿಸ್ತೀರ್ಣ ಹಾಕಿ, ಫೋಟೊ ತೆಗೆದು ಕಳಿಸಬೇಕು. ಐಡಿಯಾ ಒಳ್ಳೇದೇ. ಬೇರೆ ಯಾರೋ ಕೂತಲ್ಲೇ ಬರೆದು ಅಡಿಕೆ ತೋಟವನ್ನ ಪಹಣಿಯಲ್ಲಿ ಭತ್ತ ಅಂತ ತೋರಿಸೋದಕ್ಕಿಂತ ನಾವೇ ಬರೆಯೋದು ಮೇಲು. ಬೆಳೆ ವಿಮೆಗೆ, ಪರಿಹಾರಕ್ಕೆ, ಬೆಂಬಲ ಬೆಲೆಗೆ ಈ ಸಮೀಕ್ಷೆಯ ದಾಖಲೆಯೇ ಆಧಾರ. ದಾಖಲೆಯಲ್ಲಿ ಒಂದು ಬೆಳೆ, ವಿಮೆ ಕಟ್ಟಿದ್ದು ಇನ್ನೊಂದು ಬೆಳೆ ಅಂತಾದ್ರೆ ದುಡ್ಡು ಬರೋ ಹೊತ್ತಿಗೆ ತಕರಾರು ಏಳುತ್ತೆ.

ಆದ್ರೆ ಮುಂಗಾರು ಸಮೀಕ್ಷೆ ಬರೋದು ಯಾವಾಗ? ಜಡಿಮಳೆ ಕಾಲದಲ್ಲಿ. ಬಯಲುಸೀಮೆಯಲ್ಲಿ ರಾಗಿ, ಜೋಳದ ಹೊಲದ ಬದುವಿನ ಮೇಲೆ ನಿಂತು ಫೋಟೊ ತೆಗೆಯೋದು ಬೇರೆ. ನಮ್ಮಲ್ಲಿ ಅಡಿಕೆ ಹಾಳೆಯಿಂದ ಹನಿ ಬೀಳ್ತಾ ಇರುತ್ತೆ, ಕಾಲಿಗೆ ಇಂಬಳ ಹತ್ತಿರುತ್ತೆ, ಒಂದು ಕೈಲಿ ಕೊಡೆ, ಇನ್ನೊಂದು ಕೈಲಿ ಫೋನು. ಕೈ ಒದ್ದೆ, ಪರದೆ ಒದ್ದೆ. ಬೆಳೆಗಳ ಉದ್ದ ಪಟ್ಟಿಯಲ್ಲಿ ಅಡಿಕೆ ಒತ್ತಿದ್ರೆ ಪಕ್ಕದ್ದು ಆಯ್ಕೆ ಆಗುತ್ತೆ. ಕಾಫಿ, ಮೆಣಸು, ಏಲಕ್ಕಿ, ಬಾಳೆ ಅಂತ ಮಿಶ್ರ ಬೆಳೆ ಎಲ್ಲಾ ಹಾಕೋ ಹೊತ್ತಿಗೆ ಫೋನಿನೊಳಗೆ ನೀರು ಹೋಗದೇ ಇದ್ರೆ ಪುಣ್ಯ. ತೋಟದ ನಡುವೆ ಜಿಪಿಎಸ್ ಜಾಗ ಹಿಡಿಯೋಕೂ ಹೊತ್ತು ಬೇಕು, ಅಷ್ಟು ಹೊತ್ತೂ ಫೋನು ಮಳೆಗೆ ಒಡ್ಡಿಕೊಂಡಿರಬೇಕು.

ನನ್ನ ಅಭಿಪ್ರಾಯ ಇಷ್ಟು. ಭತ್ತಕ್ಕೆ ಮುಂಗಾರಿನಲ್ಲೇ ಸಮೀಕ್ಷೆ ಆಗಲಿ, ಅದು ಗದ್ದೆಯಲ್ಲಿ ಇರೋದೇ ಆಗ. ಅಡಿಕೆ, ಕಾಫಿ, ಮೆಣಸಿನಂಥ ಬಹುವರ್ಷದ ಬೆಳೆಗೆ ಮಲೆನಾಡಿನ ತಾಲ್ಲೂಕುಗಳಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅವಕಾಶ ಕೊಡಲಿ. ಆಗಸ್ಟ್‌ನಲ್ಲಿ ಇದ್ದ ಅಡಿಕೆ ಮರ ಜನವರಿಯಲ್ಲೂ ಅಲ್ಲೇ ಇರುತ್ತೆ, ಎಲ್ಲಿಗೂ ಎದ್ದು ಹೋಗಲ್ಲ. ನಾವು ಬೈಯೋ ಚಳಿಗಾಲವೇ ಫೋನು ಹಿಡಿದು ತೋಟ ಸುತ್ತೋಕೆ ಒಳ್ಳೇ ಕಾಲ. ಹೇಗೂ ಕೊಯ್ಲಿಗೆ ತೋಟದಲ್ಲೇ ಇರ್ತೀವಿ.

ಇದಕ್ಕೆ ಕೆಲವರು ಹೇಳೋದು ನನಗೆ ಗೊತ್ತಿದೆ. ವಿಮೆ ನೋಂದಣಿ ಮಳೆಗಾಲದ ಶುರುವಿಗೇ ಮುಗಿಯುತ್ತಲ್ಲ, ದಾಖಲೆ ಆಗಲೇ ಬೇಡ್ವಾ ಅಂತ. ಬೇಕು. ಹಿಂದಿನ ಚಳಿಗಾಲದಲ್ಲಿ ದಾಖಲಾದ ಬಹುವರ್ಷದ ಬೆಳೆಯನ್ನ ಮುಂದಿನ ಮುಂಗಾರಿಗೆ ಹಾಗೇ ಮುಂದುವರಿಸಬಹುದಲ್ಲ. ತೋಟ ಕಡಿದವರು, ಹೊಸದಾಗಿ ಹಾಕಿದವರು ಮಾತ್ರ ಬದಲಾವಣೆ ಹೇಳಲಿ. ಇನ್ನು ಕೆಲವರು, ರೈತರಿಗೆ ಆಗದಿದ್ರೆ ಪಿ.ಆರ್. ಅಂತ ಕರೆಯೋ ಖಾಸಗಿ ನಿವಾಸಿಗಳು ಬಂದು ಮಾಡ್ತಾರಲ್ಲ ಅಂತಾರೆ. ಅವರೂ ನಮ್ಮೂರ ಹುಡುಗ್ರೇ, ಅವರ ಕೈಲಿರೋದೂ ಇಂಥದ್ದೇ ಫೋನು. ಒಂದೊಂದು ಪ್ಲಾಟಿಗೂ ಮಳೆಯಲ್ಲಿ ನಡೆದು ಹೋಗಿ ಸ್ವಂತ ಫೋನು ಹಾಳು ಮಾಡ್ಕೊಂಡ್ರೆ ಆ ಖರ್ಚು ಯಾರು ಕೊಡ್ತಾರೆ? ಮೂರನೇ ಮಾತು, ಸಿಗ್ನಲ್ಲೇ ದೊಡ್ಡ ತೊಂದರೆ, ಪರದೆ ಅಲ್ಲ ಅನ್ನೋದು. ಸಿಗ್ನಲ್ ತೊಂದರೆ ನಾನೂ ಒಪ್ತೀನಿ. ಆದ್ರೆ ಫೋಟೊ ತೆಗೆದಿಟ್ಕೊಂಡು ಸಿಗ್ನಲ್ ಸಿಕ್ಕೋ ಗುಡ್ಡಕ್ಕೆ ಹೋಗಿ ಕಳಿಸಬಹುದು. ಒದ್ದೆ ಪರದೆ ಮೇಲೆ ಫೋಟೊವೇ ತೆಗೆಯೋಕೆ ಆಗದಿದ್ರೆ ಗುಡ್ಡ ಹತ್ತಿ ಎಂತ ಮಾಡೋದು?

ಬೆರಳಿನ ವಿಷಯದಲ್ಲೂ ಇದೇ ಅನ್ಯಾಯ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗೆ ಇ-ಕೆವೈಸಿ ಬೇಕು. ರೇಷನ್ನಿಗೆ ಹೆಬ್ಬೆಟ್ಟು ಬೇಕು. ವರ್ಷಗಟ್ಟಲೆ ಅಡಿಕೆ ಸುಲಿದ ಹೆಂಗಸರ ಬೆರಳಲ್ಲಿ ಗೆರೆಯೇ ಸವೆದು ಹೋಗಿರುತ್ತೆ. ಇದ್ದ ಗೆರೆಯೂ ಚಳಿಗೆ ಒಡೆದಿರುತ್ತೆ, ಚೊಗರು ತುಂಬಿರುತ್ತೆ. ಮಷೀನು ಕೆಂಪು ದೀಪ ತೋರಿಸಿದಾಗ "ನಿಮ್ಮ ಬೆರಳು ಸರಿ ಇಲ್ಲ" ಅಂತ ಹೇಳೋದು ಕೇಳಿದ್ರೆ ಬೇಜಾರಾಗುತ್ತೆ. ಬೆರಳು ಸರಿಯಾಗೇ ಇದೆ, ಊರಿನ ಅಡಿಕೆ ಎಲ್ಲಾ ಸುಲಿದದ್ದು ಅದೇ ಬೆರಳು. ಪಿಎಂ ಕಿಸಾನ್ ಆ್ಯಪ್‌ನಲ್ಲಿ 2023ರ ಜೂನ್‌ನಿಂದ ಮುಖ ತೋರಿಸಿ ಇ-ಕೆವೈಸಿ ಮಾಡೋ ದಾರಿ ಬಂದಿದೆ. ಓಟಿಪಿ ದಾರಿಯೂ ಇದೆ. ಬೆರಳು ತಗೊಳ್ಳದವರಿಗೆ ಇಂಥ ಎರಡನೇ ದಾರಿ ಎಲ್ಲಾ ಕೆಲಸಕ್ಕೂ ಇರಬೇಕು, ಅದು ಇದೆ ಅಂತ ಕೌಂಟರಿನಲ್ಲಿ ಕೂತವರೇ ಬಾಯಿಬಿಟ್ಟು ಹೇಳಬೇಕು.

ಸರ್ಕಾರ ಮಾಡೋವರೆಗೆ ನಾವು ಸುಮ್ಮನೆ ಕೂರೋಕಾಗಲ್ಲ. ನಮ್ಮ ಕೈಲಿ ಆಗೋದು ಇಷ್ಟಿದೆ.

1. ಮಳೆಗಾಲದಲ್ಲಿ ಫೋನಿಗೆ ತೆಳು ಪ್ಲಾಸ್ಟಿಕ್ ಜಿಪ್ ಕವರ್ ಹಾಕಿ. ತೆಳು ಪ್ಲಾಸ್ಟಿಕ್ ಮೇಲಿಂದ ಟಚ್ ಆಗುತ್ತೆ, ಹನಿ ನೇರ ಗಾಜಿನ ಮೇಲೆ ಕೂರಲ್ಲ. ದಿನಾ ಸಂಜೆ ಕವರಿನಿಂದ ತೆಗೆದಿಡಿ, ಇಲ್ಲದಿದ್ರೆ ಒಳಗೇ ಬೆವರುತ್ತೆ.

2. ಒಣ ಹತ್ತಿ ಬಟ್ಟೆ ಒಂದು ತುಂಡು ಅದೇ ಕವರಿನಲ್ಲಿರಲಿ. ಮೊದಲು ಬೆರಳು ಒರೆಸಿ, ಆಮೇಲೆ ಪರದೆ. ನಾವು ಸಾಮಾನ್ಯ ಪರದೆ ಮಾತ್ರ ಒರೆಸಿ ಒದ್ದೆ ಬೆರಳಲ್ಲೇ ಒತ್ತುತೀವಿ.

3. ಫೋಟೊ ತೆಗೆಯೋಕೆ ಪರದೆಯನ್ನೇ ಒತ್ತಬೇಕಂತಿಲ್ಲ. ಹೆಚ್ಚಿನ ಫೋನುಗಳ ಕ್ಯಾಮೆರಾದಲ್ಲಿ ಬದಿಯ ವಾಲ್ಯೂಮ್ ಬಟನ್ ಒತ್ತಿದ್ರೂ ಫೋಟೊ ಬೀಳುತ್ತೆ. ಎಲ್ಲಾ ಆ್ಯಪ್‌ನಲ್ಲಿ ಆಗದಿದ್ರೂ ಕೊಳೆ, ಎಲೆಚುಕ್ಕಿ ರೋಗದ ಫೋಟೊ ತೆಗೆದಿಟ್ಕೊಳ್ಳೋಕೆ ಇದು ಸಾಕು.

4. ಚಳಿಗಾಲದಲ್ಲಿ ಟಚ್ ತಡ ಆಗ್ತಿದ್ರೆ ಸೆಟ್ಟಿಂಗ್ಸ್‌ನಲ್ಲಿ ಟಚ್ ಸೂಕ್ಷ್ಮತೆ ಅಥವಾ ಗ್ಲೌಸ್ ಮೋಡ್ ಅನ್ನೋದು ಇದೆಯಾ ನೋಡಿ, ಆನ್ ಮಾಡಿ. ಬೆರಳಿಗೆ ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿ ಒರೆಸ್ಕೊಳ್ಳಿ, ಒಡೆದ ಚರ್ಮ ಮೆತ್ತಗಾಗುತ್ತೆ. ಕಿರುಬೆರಳಲ್ಲಿ ಜಡ್ಡು ಕಮ್ಮಿ, ಅದರಲ್ಲಿ ಒತ್ತಿ ನೋಡಿ.

5. ತಣ್ಣಗಾದ ಫೋನನ್ನ ನೇರ ಬಚ್ಚಲು ಒಲೆ ಹತ್ರ ತರಬೇಡಿ. ಸ್ವಲ್ಪ ಹೊತ್ತು ಒಳಕೋಣೆಯಲ್ಲಿ ಇಟ್ಟು ಆಮೇಲೆ ಬಳಸಿ.

6. ನೀರಿಗೆ ಬಿದ್ರೆ ಕೂಡಲೇ ಆಫ್ ಮಾಡಿ. ಆನ್ ಆಗುತ್ತಾ ಅಂತ ಪರೀಕ್ಷೆ ಮಾಡಬೇಡಿ, ಚಾರ್ಜಿಗೆ ಹಾಕಲೇಬೇಡಿ. ಒರೆಸಿ, ಚಾರ್ಜಿಂಗ್ ತೂತು ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನ್ ಗಾಳಿಗೆ ಇಡಿ. ಔಷಧಿ ಡಬ್ಬಿಯಲ್ಲಿ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರೋ ಸಿಲಿಕಾ ಜೆಲ್ ಪೊಟ್ಟಣ ಬಿಸಾಡದೆ ಒಂದು ಮುಚ್ಚಳದ ಡಬ್ಬಿಯಲ್ಲಿ ಕೂಡಿಡಿ. ಫೋನನ್ನ ಅದರೊಳಗೆ ಒಂದೆರಡು ದಿನ ಇಟ್ರೆ ಒಳ್ಳೇದು.

7. ಅಕ್ಕಿ ಡಬ್ಬಿಗೆ ಹಾಕೋದು ಬೇಡ. ಅಕ್ಕಿಯ ಪುಡಿ, ನುಚ್ಚು ತೂತಿಗೆ ಹೋಗಿ ಹಾಳು ಮಾಡಬಹುದು ಅಂತ 2024ರಲ್ಲಿ ಆಪಲ್‌ನವರೇ ಎಚ್ಚರಿಸಿದ್ದಾರೆ. ಅಡಿಕೆ ಒಣಗಿಸೋ ಅಟ್ಟದ ಮೇಲೆ, ಒಲೆ ದಂಡೆ ಮೇಲೆ ಇಡೋದಂತೂ ಬೇಡವೇ ಬೇಡ. ಬಿಸಿಗೆ ಬ್ಯಾಟರಿ ಉಬ್ಬುತ್ತೆ, ಪರದೆಯ ಅಂಟು ಬಿಡುತ್ತೆ.

8. ಬೋರ್ಡೋ ಹೊಡೆಯೋ ದಿನ ಫೋನು ಮನೆಯಲ್ಲೇ ಇರಲಿ. ತುರ್ತಿಗೆ ಬೇಕಂದ್ರೆ ಹಳೇ ಬಟನ್ ಫೋನು ತಗೊಂಡು ಹೋಗಿ. ಬೆರಳು ಒದ್ದೆ ಇದ್ರೂ ಬಟನ್ ಒತ್ತಿದ್ರೆ ಒತ್ತಿದ್ದೇ.

ಬಟನ್ ಫೋನಿನ ಬಗ್ಗೆ ಇನ್ನೊಂದು ಮಾತು. ಆಧಾರ್‌ಗೆ, ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಬಟನ್ ಫೋನಿನಲ್ಲಿದ್ರೂ ಓಟಿಪಿ ಬರುತ್ತೆ, ಅದು ಬರೀ ಎಸ್‌ಎಂಎಸ್. ಮಳೆಗಾಲದಲ್ಲಿ ದೊಡ್ಡ ಫೋನು ಕೈಕೊಟ್ರೂ ಓಟಿಪಿ ನಿಲ್ಲಲ್ಲ. ಮನೆಯಲ್ಲಿ ಮೂಲೆಗೆ ಬಿದ್ದ ಬಟನ್ ಫೋನು ಇದ್ರೆ ಮಾರಬೇಡಿ. ಹಿಂದೆ ನಮ್ಮ ಹಿರಿಯರು ಮಳೆಗೆ ಒಂದು ಗೊರಬು, ಕಂಬಳಿ ಕೊಪ್ಪೆ ಅಂತ ಬೇರೆಯೇ ಇಟ್ಕೊಂಡಿದ್ರು. ಬೇಸಿಗೆಯ ಅಂಗಿಯಲ್ಲೇ ಯಾರೂ ಸಸಿ ನೆಡೋಕೆ ಇಳೀತಿರಲಿಲ್ಲ. ಫೋನಿಗೂ ಅದೇ ಲೆಕ್ಕ.

ಒಂದು ವಿನಂತಿ. ಮುಂದಿನ ಗ್ರಾಮಸಭೆಗೆ ನೀವೆಲ್ಲ ಹೋಗ್ತೀರಿ. ರಸ್ತೆ, ಚರಂಡಿ, ಆನೆ ಕಾಟ ಎಲ್ಲಾ ಹೇಳೋಣ, ಅದರ ಜೊತೆ ಇದನ್ನೂ ಒಂದು ಸಾಲು ಬರೆಸೋಣ: "ಬಹುವರ್ಷದ ತೋಟದ ಬೆಳೆಗಳ ಸಮೀಕ್ಷೆಗೆ ಮಲೆನಾಡಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಅವಕಾಶ ಕೊಡಬೇಕು, ಬೆರಳಚ್ಚು ಬಾರದವರಿಗೆ ಬೇರೆ ದಾರಿ ಇರಬೇಕು." ನಡಾವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ಒಂದು ಪಂಚಾಯ್ತಿ ಹೇಳಿದ್ರೆ ಯಾರೂ ಕೇಳಲಿಕ್ಕಿಲ್ಲ. ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಮೂರೂ ತಾಲ್ಲೂಕಿನ ಪಂಚಾಯ್ತಿಗಳಿಂದ ಇದೇ ಸಾಲು ಹೋದ್ರೆ ಮೇಲಿನವರು ಒಂದು ಸಲ ಆದ್ರೂ ಓದ್ತಾರೆ.